ಹಿಂದಕ್ಕೆ ಹೋಗಲೊಲ್ಲದ ಕಾರು

ತುಮಕೂರಿನ ಶಿರಾ ಗೇಟ್ ಹತ್ತಿರವಿರುವ ನನ್ನ ಗ್ಯಾರೇಜಿಗೆ ಬಂದ ಹಳೆಯ ಆಟೋಮ್ಯಾಟಿಕ್ ಕಾರೊಂದು ಮುಂದಕ್ಕೆ ಸರಾಗವಾಗಿ ಓಡುತ್ತಿತ್ತು. ರಿವರ್ಸಿಗೆ ಹಾಕಿದರೆ ಮಾತ್ರ ಎಂಜಿನ್ ಭೋರ್ಗರೆಯುತ್ತಿತ್ತೇ ಹೊರತು ಗಾಡಿ ಒಂದು ಗೇಣೂ ಕದಲುತ್ತಿರಲಿಲ್ಲ. ದೇವರಾಯನದುರ್ಗದಲ್ಲಿ ಗೋಡೆಗೆ ಮುಖಮಾಡಿ ನಿಲ್ಲಿಸಿದ್ದ ಮಾಲೀಕರು ನಾಲ್ಕು ಜನರಿಂದ ತಳ್ಳಿಸಿಕೊಂಡು ಹೊರಬಂದಿದ್ದರಂತೆ. ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ಬೇರೆಡೆ ಹೇಳಿದ್ದರು. ನನಗೆ ಅದು ಒಪ್ಪಿಗೆಯಾಗಲಿಲ್ಲ.

ಮ್ಯಾನುಯಲ್ ಗಾಡಿಯಲ್ಲಿ ಎರಡು ಗೇರುಗಳ ನಡುವೆ ಮೂರನೆಯದೊಂದು ಐಡ್ಲರ್ ಗೇರ್ ಸೇರಿ ದಿಕ್ಕನ್ನು ತಿರುಗಿಸುತ್ತದೆ. ಈ ಬಗೆಯ ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಪ್ಲಾನೆಟರಿ ಗೇರುಗಳದು. ಪ್ಲಾನೆಟ್ ಗೇರುಗಳನ್ನು ಹೊತ್ತ ಕ್ಯಾರಿಯರನ್ನು ಅಲುಗದಂತೆ ಹಿಡಿದು ನಡುವಿನ ಸನ್ ಗೇರನ್ನು ತಿರುಗಿಸಿದರೆ, ಪ್ಲಾನೆಟ್‌ಗಳು ನಿಂತಲ್ಲೇ ಸುತ್ತಿ, ಹೊರಗಿನ ರಿಂಗ್ ಗೇರನ್ನು ಉಲ್ಟಾ ತಿರುಗಿಸುತ್ತವೆ. ಸನ್ ಗೇರಿಗೆ ಶಕ್ತಿ ಕೊಡುವುದು ಡೈರೆಕ್ಟ್ ಕ್ಲಚ್, ಕ್ಯಾರಿಯರನ್ನು ಹಿಡಿಯುವುದು ಗೇರ್‌ಬಾಕ್ಸಿನೊಳಗೇ ಇರುವ, ಆಯಿಲ್ ಒತ್ತಡಕ್ಕೆ ಪಿಸ್ಟನ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಲೋ-ರಿವರ್ಸ್ ಬ್ರೇಕ್.

ಹಾಗಾದರೆ ಕೈಕೊಟ್ಟಿರುವುದು ಯಾವುದು? ಮೂರನೇ ಗೇರಿಗೂ ಅದೇ ಡೈರೆಕ್ಟ್ ಕ್ಲಚ್ ಬೇಕು, ಆ ಗೇರು ಜಾರದೆ ಬೀಳುತ್ತಿದ್ದುದರಿಂದ ಕ್ಲಚ್ ಸರಿಯಿದೆ ಎಂದಾಯಿತು. ಆಮೇಲೆ ಲಿವರನ್ನು 'ಎಲ್'ಗೆ, ಅಂದರೆ ಲೋ ಗೇರಿಗೆ ಹಾಕಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿದೆ. ಅಲ್ಲಿ ಎಂಜಿನ್ ಗಾಡಿಯನ್ನು ಹಿಡಿದು ತಡೆಯಬೇಕಾದರೆ ಲೋ-ರಿವರ್ಸ್ ಬ್ರೇಕ್ ಕೆಲಸ ಮಾಡಲೇಬೇಕು. ಎಂಜಿನ್ನಿನ ಹಿಡಿತವೇ ಇರಲಿಲ್ಲ, ಗಾಡಿ ನ್ಯೂಟ್ರಲ್‌ನಲ್ಲಿದ್ದಂತೆ ಉರುಳಿತು; ಕೈಕೊಟ್ಟಿದ್ದು ಬ್ರೇಕೇ. 'ಡಿ'ಯ ಒಂದನೇ ಗೇರಿನಲ್ಲಿ ಕ್ಯಾರಿಯರನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವ ಒನ್-ವೇ ಕ್ಲಚ್ ಹಿಡಿಯುವುದರಿಂದ ಬ್ರೇಕಿನ ದೋಷ ಅಲ್ಲಿ ಕಾಣಿಸುವುದಿಲ್ಲ. ರಿವರ್ಸಿನಲ್ಲಿ ಕ್ಯಾರಿಯರ್ ಎದುರು ದಿಕ್ಕಿಗೆ ತಿರುಗಲು ಎಳೆಯುವುದರಿಂದ ಆ ಒನ್-ವೇ ಕ್ಲಚ್ಚಿಂದ ಪ್ರಯೋಜನವೂ ಇಲ್ಲ.

ಬಿಚ್ಚಿದಾಗ ಹುಡುಗರಿಗೆ ತೋರಿಸಲೆಂದು ಹಲ್ಲುಗಳನ್ನು ಎಣಿಸಿದೆ: ಸನ್ ಗೇರಿಗೆ 34, ರಿಂಗಿಗೆ 74. ಕ್ಯಾರಿಯರನ್ನು ಎಡಗೈಯಲ್ಲಿ ಹಿಡಿದು ಸನ್ ಗೇರನ್ನು ಎರಡು ಸುತ್ತಿಗಿಂತ ತುಸು ಹೆಚ್ಚು, ಅಂದರೆ ಸುಮಾರು 2.18 ಸುತ್ತು ತಿರುಗಿಸಿದರೆ ರಿಂಗ್ ಒಂದು ಸುತ್ತು ಹಿಂದಕ್ಕೆ ಬರುತ್ತದೆ.

ದೋಷವಿದ್ದುದು ಬ್ರೇಕಿನ ಪಿಸ್ಟನ್ ಸೀಲಿನಲ್ಲಿ. ರಬ್ಬರ್ ಗಟ್ಟಿಯಾಗಿ, ಉಗುರಿನಿಂದ ಮೀಟಿದರೆ ತುಂಡಾಗುವಂತಾಗಿತ್ತು. ಆಯಿಲ್ ಒತ್ತಡವೆಲ್ಲ ಅಲ್ಲೇ ಸೋರಿಹೋಗಿ ಪ್ಲೇಟುಗಳು ಜಾರಿ ಸುಟ್ಟಿದ್ದವು. ಹೊಸ ಪ್ಲೇಟುಗಳನ್ನು ಎರಡು ಗಂಟೆ ಆಟೋಮ್ಯಾಟಿಕ್‌ಗೆಂದೇ ಬರುವ ಎಟಿಎಫ್ ಎಂಬ ಆಯಿಲಿನಲ್ಲಿ ನೆನೆಸಿ, ಹೊಸ ಸೀಲುಗಳೊಂದಿಗೆ ಜೋಡಿಸಿದೆ. ಮುಚ್ಚುವ ಮೊದಲು ಆಯಿಲ್ ರಂಧ್ರಕ್ಕೆ ಕಂಪ್ರೆಸರ್ ಗಾಳಿ ಬಿಟ್ಟಾಗ, ಗಾಳಿ ಸೋರಿ ಬುಸುಗುಟ್ಟದೆ, ಪಿಸ್ಟನ್ 'ಟಪ್' ಎಂದು ಪ್ಲೇಟುಗಳನ್ನು ಒತ್ತಿತು. ಸಂಜೆ ಮಾಲೀಕರು ತಾವೇ ಕೂತು ಕಾರನ್ನು ಹಿಮ್ಮುಖವಾಗಿಯೇ ರಸ್ತೆಗೆ ಇಳಿಸಿಕೊಂಡರು.