ಮಕ್ಕಳು ಹೆದರದೆ ಉತ್ತರ ಹೇಳಬೇಕಾದರೆ

ನಾನು ಬ್ಯಾಡಗಿ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ಹೊಸ ಶಿಕ್ಷಕರು ಬಂದ ಕೂಡಲೇ ಗೋಡೆ ತುಂಬ ಚಾರ್ಟ್ ಅಂಟಿಸುತ್ತಾರೆ. ಅಂಟಿಸಲಿ, ಚಂದ ಕಾಣುತ್ತೆ. ಆದರೆ ಮಗು ತಪ್ಪು ಉತ್ತರ ಹೇಳಿದಾಗ ನಾವೇನು ಮಾಡ್ತೀವಿ ಅನ್ನೋದನ್ನ ಮೊದಲು ನೋಡಿಕೊಳ್ಳಬೇಕು.

ನನ್ನ ಮೊದಲ ವರ್ಷ ಒಬ್ಬ ಹುಡುಗನ ಉತ್ತರಕ್ಕೆ ನಾನೇ ನಕ್ಕುಬಿಟ್ಟೆ. ಕ್ಲಾಸೆಲ್ಲ ನಕ್ಕಿತು. ಅವನು ಆ ವರ್ಷ ಮತ್ತೆ ಕೈ ಎತ್ತಲಿಲ್ಲ.

ಈಗ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸುತ್ತೇನೆ. ಅಲ್ಲಿಯವರೆಗೆ ಯಾರ ಹೆಸರನ್ನೂ ಕರೆಯಲ್ಲ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳು ಹೆಚ್ಚು ಮಾತಾಡುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೊದಲ ವಾರ ನಾಲಿಗೆ ಕಚ್ಚಿಕೊಂಡು ನಿಲ್ಲಬೇಕಾಗುತ್ತೆ, ಹೇಳಿರ್ತೀನಿ.

ತಪ್ಪು ಬಂತಾ? 'ಹ್ಯಾಂಗ ಮಾಡಿದಿ?' ಅಂತ ಕೇಳಿ. ಒಮ್ಮೆ 52ರಲ್ಲಿ 27 ಕಳೆಯಲು ಕೊಟ್ಟಿದ್ದೆ. ಒಬ್ಬ ಹುಡುಗಿ 35 ಬರೆದಳು. 'ಏಳರಾಗ ಎರಡು ಹೋದ್ರ ಐದ್ರೀ ಸರ್' ಅಂದಳು. ಯಾವಾಗಲೂ ದೊಡ್ಡದರಲ್ಲೇ ಸಣ್ಣದು ಕಳೆಯಬೇಕು ಅಂತ ತಿಳಿದಿದ್ದಳು, ಅಷ್ಟೇ. ಕಾಗದದ ಹತ್ತರ ನೋಟು ಐದು, ರೂಪಾಯಿ ನಾಣ್ಯ ಎರಡು ಕೈಗಿಟ್ಟೆ. 'ಅಂಗಡಿಯವಗ 27 ಕೊಡು.' ಎರಡು ನೋಟು ಕೊಟ್ಟಳು. ಇನ್ನು ಏಳು ಬೇಕು, ನಾಣ್ಯ ಎರಡೇ. ಸುಮ್ನೆ ನಿಂತಳು. ಹಿಂದಿನಿಂದ ಒಬ್ಬ ಕೂಗಿದ: 'ಚಿಲ್ಲರ ಮಾಡಸಬೇಕ್ರೀ!' ದಶಕ ಬಿಡಿಸೋದನ್ನ ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಈಗ ನಮ್ಮ ಕ್ಲಾಸಲ್ಲಿ ಅದಕ್ಕೆ 'ಚಿಲ್ಲರೆ' ಅಂತಲೇ ಹೆಸರು.

ಮಗು ಮನೆಮಾತಲ್ಲಿ ಉತ್ತರ ಹೇಳಿದರೆ ಮೊದಲು ಉತ್ತರ ಕೇಳಿಸಿಕೊಳ್ಳಿ. ಭಾಷೆ ತಿದ್ದೋದು ಆಮೇಲೆ.

ಬೆತ್ತ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದಿನಾ 'ದಡ್ಡ' ಅನ್ನೋದೂ ಕಿರುಕುಳವೇ ಅಲ್ವಾ?

ಮೆಣಸಿನಕಾಯಿ ಬಿಡಿಸೋ ಕಾಲದಲ್ಲಿ ಕೆಲವು ಮಕ್ಕಳು ವಾರಗಟ್ಟಲೆ ಬರಲ್ಲ. ಬಂದ ದಿನ ಎಬ್ಬಿಸಿ ನಿಲ್ಲಿಸಿ ಲೆಕ್ಕ ಕೇಳಬೇಡಿ. ಪಕ್ಕದವರ ನೋಟ್‌ಬುಕ್ ಕೊಟ್ಟು ಕೂರಿಸಿ. ಅವತ್ತಿನ ಮೊದಲ ಪ್ರಶ್ನೆ ಅವರಿಗೆ ಬರುವಂಥದ್ದಿರಲಿ. ನಾನು ಮೆಣಸಿನಕಾಯಿ ಚೀಲದ ಲೆಕ್ಕ ಕೊಡ್ತೀನಿ. ಇಷ್ಟು ಕಿಲೋ, ಇಷ್ಟು ದರ, ಎಷ್ಟು ರೊಕ್ಕ? ಹೋದ ವರ್ಷ ಬೋರ್ಡ್ ಮೇಲೆ ನಾನೇ ಉತ್ತರ ಬರೆದು ತಿರುಗಿದೆ. ಹನ್ನೆರಡು ದಿನ ತಪ್ಪಿಸಿದ್ದ ಹುಡುಗ ಕೈ ಎತ್ತಿದ್ದ.

'ಖಾಲಿ ಚೀಲದ ತೂಕ ಕಳೀಲೇ ಇಲ್ಲಲ್ರೀ ಸರ್.'