ರೊಟ್ಟಿ ಲೆಕ್ಕ, ರೊಕ್ಕದ ಲೆಕ್ಕ

ವಿಜಯಪುರದಲ್ಲಿ ಖಡಕ್ ರೊಟ್ಟಿ ಮಾರುವವರಿಗೆ ಕೊರತೆಯಿಲ್ಲ. ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಹಿಂಗಾಗಿ ಗಿರಾಕಿ ಮೊದಲು ಕೇಳುವುದು ದರ, ರುಚಿ ಆಮೇಲೆ. ಪಕ್ಕದವರು ಆರು ರೂಪಾಯಿಗೆ ಕೊಡ್ತಾರೆ, ನೀವು ಐದೂವರೆಗೆ ಕೊಡ್ರಿ ಅನ್ನುತ್ತಾರೆ. ಆಗುತ್ತದೋ ಇಲ್ಲವೋ ನಿಂತ ಕಾಲ ಮೇಲೆ ಹೇಳಬೇಕು. ಹೇಳಬೇಕಾದರೆ ಒಂದು ರೊಟ್ಟಿ ನಮಗೆ ಎಷ್ಟಕ್ಕೆ ಬೀಳುತ್ತದೆ ಅನ್ನುವುದು ಬಾಯಿಪಾಠ ಇರಬೇಕು. ನನ್ನ ಧಂದೆ ಮನೆಯ ಹಿತ್ತಲ ಒಲೆಯಿಂದ ಎರಡು ಬಾಡಿಗೆ ಕೋಣೆಗೆ, ಹತ್ತು ಹೆಣ್ಣುಮಕ್ಕಳ ಕೆಲಸಕ್ಕೆ ಬೆಳೆದಿದ್ದರೆ ಅದಕ್ಕೆ ಕೈರುಚಿಗಿಂತ ಈ ಲೆಕ್ಕವೇ ಕಾರಣ. ಕೈರುಚಿ ಇಲ್ಲಿ ಯಾರಿಗಿಲ್ಲ ಹೇಳಿ?

ಬಿಳಿಜೋಳ ಕಿಲೋಗೆ 45 ರೂಪಾಯಿ ಅಂತ ಹಿಡಿಯೋಣ. ಕಸ ಆರಿಸಿ, ಗಿರಣಿಗೆ ಹಾಕಿಸಿ, ಜರಡಿ ಹಿಡಿದು ಹಿಟ್ಟು ಕೈಗೆ ಬರುವಷ್ಟರಲ್ಲಿ ಅದು 52 ಆಗುತ್ತದೆ. ಒಂದು ಕಿಲೋ ಹಿಟ್ಟಿಗೆ ನಮ್ಮ ತೆಳು ರೊಟ್ಟಿ 22ರ ಆಸುಪಾಸು. ಅಂದರೆ ಬರೀ ಹಿಟ್ಟಿಗೇ ರೊಟ್ಟಿಗೆ 2 ರೂಪಾಯಿ 35 ಪೈಸೆ. ಬಡಿಯುವವರ ಕೂಲಿ 2 ರೂಪಾಯಿ. ಗ್ಯಾಸು, ಕಟ್ಟಿಗೆ 60 ಪೈಸೆ. ಪ್ಯಾಕೆಟ್, ಲೇಬಲ್ 50 ಪೈಸೆ. ಆಟೋ 30 ಪೈಸೆ. ಕೂಡಿಸಿದರೆ 5 ರೂಪಾಯಿ 75 ಪೈಸೆ.

ಬಹಳ ಜನ ಇಲ್ಲಿಗೇ ಗೆರೆ ಎಳೆಯುತ್ತಾರೆ. ಆದರೆ ಖಡಕ್ ರೊಟ್ಟಿ ಒಡೆಯುತ್ತದೆ ಅಲ್ವಾ? ಎಷ್ಟೇ ಜೋಪಾನ ಮಾಡಿದರೂ ನೂರಕ್ಕೆ ಆರು ಅಂಚು ಮುರಿದು ಹೊರಗೆ ಬೀಳುತ್ತವೆ. ಅವುಗಳ ಖರ್ಚನ್ನೂ ಉಳಿದ 94 ರೊಟ್ಟಿಗಳೇ ಹೊರಬೇಕು. ಆಗ ಅದು 6 ರೂಪಾಯಿ 12 ಪೈಸೆ. ಕೋಣೆ ಬಾಡಿಗೆ, ಕರೆಂಟು 30 ಪೈಸೆ. ನನ್ನ ಸ್ವಂತ ಕೂಲಿ 50 ಪೈಸೆ. ಏಳಕ್ಕೆ ಎಂಟೇ ಪೈಸೆ ಕಡಿಮೆ. ಅದಕ್ಕೇ ನಾನು ಸಗಟಿನಲ್ಲೂ ಏಳೂವರೆಗಿಂತ ಕೆಳಗೆ ಇಳಿಯುವುದಿಲ್ಲ. ಆರಕ್ಕೆ ಕೊಡುವವರಿಗೂ ಲಾಭ ಕಾಣುತ್ತದೆ, ಸುಳ್ಳಲ್ಲ. ಮನೆಯಾಕೆಯ ಕೂಲಿ ಬರೆಯದಿದ್ದರೆ ಯಾವ ದರಕ್ಕೂ ಲಾಭ ಕಾಣುತ್ತದೆ. ಆ ಲಾಭ ಅವಳ ರಟ್ಟೆಯದು.

ಮುರಿದ ಚೂರನ್ನು ಕಿಲೋ ಲೆಕ್ಕದಲ್ಲಿ ಮಾರುತ್ತೇವೆ. ಒಗ್ಗರಣೆ ಹಾಕಿ ತಿನ್ನಲು ಹಾಸ್ಟೆಲ್ ಹುಡುಗರು ಒಯ್ಯುತ್ತಾರೆ. ಆ ದುಡ್ಡನ್ನು ರೊಟ್ಟಿಯ ದರದಲ್ಲಿ ಕಳೆಯುವುದಿಲ್ಲ. ಅದು ಬಂದರೆ ಬಂತು.

ಲೆಕ್ಕ ಬರೆಯುವುದನ್ನು ನನಗೆ ಕಲಿಸಿದವರು ಮಾವ. ಅವರು ಎಪಿಎಂಸಿಯಲ್ಲಿ ಒಂದು ಅಡತಿ (ದಲ್ಲಾಳಿ) ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಆಗಿದ್ದರು. ಕಿರ್ದಿ, ಖಾತಾವಣಿ ಎರಡೇ ಸಾಕು ಅನ್ನುತ್ತಿದ್ದರು. ಕಿರ್ದಿಯಲ್ಲಿ ಆಯಾ ದಿನ ಬಂದದ್ದು, ಹೋದದ್ದು. ಖಾತಾವಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಈಗ ಮಗಳು ಮೊಬೈಲ್‌ನಲ್ಲೂ ಹಾಕುತ್ತಾಳೆ, ನನಗೆ ಪುಸ್ತಕವೇ ಕೈಗೆ ಹತ್ತಿದೆ. ಸಂಜೆ ಗಲ್ಲಾಪೆಟ್ಟಿಗೆಯ ನಗದು ಕಿರ್ದಿಯ ಶಿಲ್ಕಿಗೆ, ಅಂದರೆ ಉಳಿಕೆಗೆ, ಹೊಂದಲೇಬೇಕು. ಹೊಂದದಿದ್ದರೆ ಅವತ್ತೇ ಹುಡುಕಬೇಕು. ಮರುದಿನಕ್ಕೆ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ.

ಧಂದೆಗೆ ಬ್ಯಾಂಕಿನಲ್ಲಿ ಬೇರೆ ಖಾತೆ. ತಿಂಗಳ ಒಂದನೇ ತಾರೀಖು ನನ್ನ ಪಗಾರ ಅದರಿಂದ ಮನೆ ಖಾತೆಗೆ ಬರುತ್ತದೆ, ನಡುವೆ ಕೈ ಹಾಕುವಂತಿಲ್ಲ. ಮನೆಗೆ ಒಯ್ಯುವ ರೊಟ್ಟಿಗೂ ದುಡ್ಡು ಬರೆಯುತ್ತೇನೆ. ಯಜಮಾನರು ನಗುತ್ತಾರೆ, ನಗಲಿ.

ಇನ್ನು ಉದ್ರಿ. ನಮ್ಮ ದೊಡ್ಡ ಗಿರಾಕಿಗಳು ಖಾನಾವಳಿಯವರು. ಅವರಿಗೆ ದಿನಾ ರೊಟ್ಟಿ ಬೇಕು, ದುಡ್ಡು ಮಾತ್ರ ವಾರಕ್ಕೋ ಹದಿನೈದು ದಿನಕ್ಕೋ. ‘ಉದ್ರಿ ಕೇಳಬೇಡಿ’ ಅಂತ ಬೋರ್ಡು ಹಾಕಿ ಇವರ ಜೊತೆ ವ್ಯಾಪಾರ ಆಗುವುದಿಲ್ಲ. ನಾನು ಎರಡು ದರ ಇಟ್ಟೆ. ಕೈಯಲ್ಲಿ ಕೊಟ್ಟರೆ ಏಳೂವರೆ, ಉದ್ರಿಗೆ ಎಂಟು. ಉದ್ರಿಯೂ ಒಂದು ವಾರದ ಮಾಲಿಗೆ ಮಾತ್ರ. ಹಳೆಯದು ಚುಕ್ತಾ ಆಗದೆ ಎರಡನೇ ವಾರದ ಗಂಟು ಕಟ್ಟುವುದಿಲ್ಲ. ‘ಅಕ್ಕಾ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನ್ರಿ’ ಅಂದವರಿದ್ದಾರೆ. ನಂಬಿಕೆ ಇದೆ, ಆದರೆ ಬಡಿಯುವ ಹೆಣ್ಣುಮಕ್ಕಳಿಗೆ ಶನಿವಾರ ಕೂಲಿ ಕೊಡಬೇಕು. ಇದನ್ನು ನಗುತ್ತಲೇ ಹೇಳಿದೆ. ಇಬ್ಬರು ಬಿಟ್ಟು ಹೋದರು, ಉಳಿದವರು ಎಂಟಾಣೆ ಉಳಿಸಲು ರೋಖ ಕೊಡತೊಡಗಿದರು.

ಅಂಗಡಿಗಳ ಕಥೆ ಬೇರೆ. ಒಂದು ದೊಡ್ಡ ಅಂಗಡಿಯವರು ನಮ್ಮ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಅಂತ ಚಟ್ನಿಪುಡಿಗಳನ್ನು ಒಯ್ಯುತ್ತಿದ್ದರು. ಬಿಲ್ಲು ಎರಡು ತಿಂಗಳಾದರೂ ಕದಲುತ್ತಿರಲಿಲ್ಲ. ಇಲ್ಲಿ ನನ್ನ ಕೈ ಹಿಡಿದದ್ದು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ. 2020ರ ಜುಲೈನಲ್ಲಿ ಶುರುವಾದದ್ದು, ಪುಕ್ಕಟೆ ಆಗುತ್ತದೆ. ನೋಂದಾಯಿಸಿದ ಸಣ್ಣ ಉತ್ಪಾದಕರಿಗೆ ಕರಾರು ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ, ಕರಾರು ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು ಅನ್ನುವುದು ಕಾನೂನು. 2024ರ ಏಪ್ರಿಲ್‌ನಿಂದ ಅದಕ್ಕೆ ಆದಾಯ ತೆರಿಗೆಯ ಹಲ್ಲು ಬಂದಿದೆ. ಗಡುವು ಮೀರಿದರೆ, ದುಡ್ಡು ಕೊಡುವವರೆಗೆ ಆ ಖರೀದಿಯನ್ನು ಖರ್ಚು ಅಂತ ತೋರಿಸುವಂತಿಲ್ಲ. ನಾನು ಜಗಳ ಮಾಡಲಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ, ಅಷ್ಟೇ. ಮಾರ್ಚ್ ಬರುವ ಹೊತ್ತಿಗೆ ಅವರ ಆಡಿಟರೇ ನನ್ನ ಪರವಾಗಿ ವಸೂಲಿ ಮಾಡಿಕೊಟ್ಟ ಹಾಗಾಯಿತು.

ನಮ್ಮ ಧಂದೆಯಲ್ಲಿ ದುಡ್ಡು ಬರುವ ತಿಂಗಳೂ ಹೋಗುವ ತಿಂಗಳೂ ಒಂದೇ ಅಲ್ಲ. ಎಳ್ಳಮವಾಸ್ಯೆ, ಸಂಕ್ರಾಂತಿ, ಸಿದ್ದೇಶ್ವರ ಜಾತ್ರೆ ಅಂತ ಡಿಸೆಂಬರ್-ಜನವರಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಎಷ್ಟು ಮಾಡಿದರೂ ಸಾಲದು. ಕೈ ತುಂಬಿರುವುದು ಆಗ. ಹೊಸ ಬಿಳಿಜೋಳ ಬರುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ದರ ಇಳಿಯುವುದೂ ಆವಾಗಲೇ. ಹಿಂಡಿಗೆ ಬೇಕಾದ ಬ್ಯಾಡಗಿ ಮೆಣಸಿನಕಾಯಿಗೂ ಅದೇ ಹಂಗಾಮು. ಜಾತ್ರೆಯ ದುಡ್ಡು ಗೊತ್ತಿಲ್ಲದೆ ಕರಗಿದರೆ ಜೋಳ ತರಲು ಸಾಲ ಮಾಡಬೇಕಾಗುತ್ತದೆ. ಅದಕ್ಕೇ ದಸರಾದಿಂದಲೇ ಒಂದು ಆರ್‌ಡಿ ಕಟ್ಟುತ್ತೇನೆ, ಜಾತ್ರೆ ಮುಗಿದ ಮೇಲೆ ಕೈಗೆ ಬರುವ ಹಾಗೆ. ಜೋಳವನ್ನೂ ವರ್ಷಕ್ಕಾಗುವಷ್ಟು ತರುವುದಿಲ್ಲ. ಅಗ್ಗ ಸಿಕ್ಕಿತು ಅಂತ ಕೋಣೆ ತುಂಬಿದರೆ ಮಳೆಗಾಲಕ್ಕೆ ನುಸಿ ಹತ್ತುತ್ತದೆ, ದುಡ್ಡೂ ಜೋಳದಲ್ಲೇ ಕೂತಿರುತ್ತದೆ. ಆರು ತಿಂಗಳ ಜೋಳ, ಬೇವಿನ ಎಲೆ ಹಾಕಿ ಮುಚ್ಚಿದರೆ ಮುಗಿಯಿತು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಜಮಾ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬೇಕು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಹರಿದು ‘ನಗದು ಮಾತ್ರ’ ಅಂತ ಬರೆದರು. ನಾನು ಕೋಡ್ ತೆಗೆಯಲಿಲ್ಲ. ಧಂದೆಯ ಕೋಡ್‌ಗೆ ಬರುವುದು ಧಂದೆಯ ದುಡ್ಡು ಮಾತ್ರ. ತಮ್ಮ ಕೊಟ್ಟ ಕೈಸಾಲ, ಮಹಿಳಾ ಸಂಘದ ಕಂತು, ಮನೆಯ ಬಾಡಿಗೆ ಎಲ್ಲಾ ಒಂದೇ ಖಾತೆಗೆ ಬಂದರೆ ಹೊರಗಿನವರಿಗೆ ಅದೆಲ್ಲಾ ಮಾರಾಟ ಅಂತಲೇ ಕಾಣುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ಮಾರಾಟ. ನಾವು ಅದಕ್ಕಿಂತ ಕೆಳಗಿದ್ದೆವು, ಕಿರ್ದಿಯಲ್ಲಿ ಅದು ಸ್ಪಷ್ಟವಾಗಿತ್ತು.

ಆದರೂ ಜಿಎಸ್‌ಟಿ ನಂಬರ್ ತೆಗೆದುಕೊಂಡೆ. ಅದು ಸೊಲ್ಲಾಪುರದ ಕಾರಣಕ್ಕೆ. ನಮಗೆ ಬೆಂಗಳೂರಿಗಿಂತ ಸೊಲ್ಲಾಪುರ ಎಷ್ಟೋ ಹತ್ತಿರ, ನೂರು ಕಿಲೋಮೀಟರ್ ಅಷ್ಟೇ. ಅಲ್ಲಿನ ವ್ಯಾಪಾರಿಯೊಬ್ಬರು ಶೇಂಗಾ ಹಿಂಡಿ ಕಾಯಂ ಬೇಕು ಅಂದರು. ರಾಜ್ಯದ ಗಡಿ ದಾಟಿಸಿ ತೆರಿಗೆ ಇರುವ ಸರಕು ಮಾರಿದರೆ 40 ಲಕ್ಷದ ರಿಯಾಯಿತಿ ನಡೆಯುವುದಿಲ್ಲ, ನೋಂದಣಿ ಬೇಕೇ ಬೇಕು. ವಹಿವಾಟಿನ ಮೇಲೆ ಶೇ 1 ಕಟ್ಟಿ ಮುಗಿಸುವ ಕಾಂಪೊಸಿಷನ್ ಸ್ಕೀಮಿನಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ. ಆಡಿಟರ್ ಫೀ, ರಿಟರ್ನ್ ತಾಪತ್ರಯ ಎಲ್ಲಾ ಕೂಡಿಸಿ, ಸೊಲ್ಲಾಪುರದ ಲಾಭ ಅದರ ಮೂರು ಪಟ್ಟು ಆಗುತ್ತದೆ ಅಂತ ಖಾತ್ರಿಯಾದ ಮೇಲೆ ಮಾಡಿಸಿದೆ. ರೊಟ್ಟಿ ಮೇಲಿದ್ದ ಶೇ 5 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಒಳ್ಳೆಯದೇ, ಆದರೆ ಬರೆಯುವವರಿಗೆ ಒಂದು ಕೆಲಸ ಜಾಸ್ತಿ. ತೆರಿಗೆ ಇಲ್ಲದ ರೊಟ್ಟಿಗೆ ಬಳಸಿದ ಪ್ಯಾಕೆಟ್‌ನ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ, ತೆರಿಗೆ ಇರುವ ಹಿಂಡಿಯ ಪ್ಯಾಕೆಟ್‌ನದು ಸಿಗುತ್ತದೆ. ಹಾಗಾಗಿ ಎರಡರ ಬಿಲ್ಲೂ ಬೇರೆ ಬೇರೆ ಮಾಡಿಸುತ್ತೇನೆ.

ಆಹಾರ ಸುರಕ್ಷತೆಯ ನೋಂದಣಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾನು ಮಾಡಿಸಿದಾಗ 12 ಲಕ್ಷ ವಹಿವಾಟಿನವರೆಗೆ ವರ್ಷಕ್ಕೆ 100 ರೂಪಾಯಿ ಇತ್ತು. ಲೇಬಲ್ ಮೇಲೆ ಆ ನಂಬರ್ ಇಲ್ಲದೆ ಅಂಗಡಿಯವರು ಮಾಲು ಮುಟ್ಟುವುದಿಲ್ಲ.

ಈಗ ಎಲ್ಲರೂ ಕೇಳುವುದು, ರೊಟ್ಟಿ ಯಂತ್ರ ಯಾವಾಗ ತರ್ತೀರಿ ಅಂತ. ಸಣ್ಣ ಆಹಾರ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ನಾನು ವಿಚಾರಿಸಿದಾಗ ಶೇ 35 ಸಬ್ಸಿಡಿ ಇತ್ತು, ರಾಜ್ಯವೂ ಶೇ 15 ಸೇರಿಸುತ್ತಿತ್ತು. ಅದು ಕೈಗೆ ಬರುವ ದುಡ್ಡಲ್ಲ, ಸಾಲದ ಖಾತೆಗೆ ಹೋಗುತ್ತದೆ, ಅಲ್ಲಿಯವರೆಗೆ ಕಂತು ನಾವೇ ತುಂಬಬೇಕು. ನನಗೆ ಹೇಳಿದ ಕಂತು ತಿಂಗಳಿಗೆ 22 ಸಾವಿರ. ಯಂತ್ರದಿಂದ ಕೂಲಿಯಲ್ಲಿ ಉಳಿಯುವುದು, ಕರೆಂಟು ಕಳೆದು, ರೊಟ್ಟಿಗೆ 90 ಪೈಸೆ. ಅಂದರೆ ಕಂತಿಗೇ ದಿನಕ್ಕೆ 800ಕ್ಕೂ ಜಾಸ್ತಿ ರೊಟ್ಟಿ ಯಂತ್ರದಲ್ಲಿ ಆಗಬೇಕು. ನಮ್ಮದು ದಿನಕ್ಕೆ 1,500ರ ಆಸುಪಾಸು, ಆದರೆ ಅರ್ಧ ಗಿರಾಕಿಗಳು ಕೈಯಲ್ಲಿ ಬಡಿದದ್ದೇ ಬೇಕು ಅನ್ನುವವರು. ಆಷಾಢದಲ್ಲಿ ಮದುವೆಯಿಲ್ಲ, ಥಂಡಿಗೆ ರೊಟ್ಟಿ ಮೆತ್ತಗಾಗುತ್ತದೆ, ಮಾರಾಟ ಬಹಳ ಇಳಿಯುತ್ತದೆ. ಕಂತು ಆಷಾಢ ನೋಡುವುದಿಲ್ಲ. ಸದ್ಯಕ್ಕೆ ಹಿಟ್ಟು ನಾದುವ ಯಂತ್ರ ಒಂದನ್ನು ನಗದಿನಲ್ಲೇ ತಂದಿದ್ದೇನೆ, ಹೆಣ್ಣುಮಕ್ಕಳ ಮುಂಗೈ ನೋವು ಅರ್ಧ ಇಳಿದಿದೆ. ಯಂತ್ರದ ರೊಟ್ಟಿಯೇ ಸಾಕು ಅನ್ನುವ ಗಿರಾಕಿಗಳಿಗೆ ಖಾತಾವಣಿಯಲ್ಲಿ ಒಂದು ಪುಟ ತೆಗೆದಿದ್ದೇನೆ. ಅವರ ಬೇಡಿಕೆ ಮಳೆಗಾಲದಲ್ಲೂ ದಿನಕ್ಕೆ ಸಾವಿರ ಮುಟ್ಟಿದರೆ ಬ್ಯಾಂಕಿಗೆ ಹೋಗುತ್ತೇನೆ.