ಮೈನಸ್ 30ರಲ್ಲಿ ಸಂಸಾರ ಹೂಡಿದ್ದು

ನಾವು ವಿನಿಪೆಗ್‌ಗೆ ಬಂದದ್ದು 2018ರ ನವೆಂಬರ್‌ನಲ್ಲಿ. ನಾನು, ನನ್ನ ಗಂಡ, ಐದು ವರ್ಷದ ಮಗಳು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ಇದು. ಸುತ್ತ ಎಲ್ಲಿ ನೋಡಿದರೂ ಬಯಲು. ಉತ್ತರದಿಂದ ಬರುವ ಗಾಳಿಗೆ ಒಂದು ಗುಡ್ಡದ ಅಡ್ಡವೂ ಇಲ್ಲ. ನಾನು ತೀರ್ಥಹಳ್ಳಿ ಕಡೆಯವಳು. ಚಳಿ ಅಂದರೆ ನಮಗೆ ಮಾಗಿಯ ಬೆಳಗಿನಲ್ಲಿ ಬಚ್ಚಲೊಲೆ ಮುಂದೆ ಕೈ ಕಾಯಿಸಿಕೊಳ್ಳುವುದು, ಅಷ್ಟೇ.

ಮೊದಲ ಎರಡು ತಿಂಗಳು ನಾನು ಮನೆ ಬಿಟ್ಟು ಹೊರಗೆ ಹೋಗಿದ್ದು ಕಡಿಮೆ. ಚಳಿಗಾಲ ಮುಗಿಯಲಿ, ಆಮೇಲೆ ಊರು ನೋಡೋಣ ಅಂದುಕೊಂಡಿದ್ದೆ. ಇಲ್ಲಿ ಚಳಿಗಾಲ ಮುಗಿಯುವುದು ಏಪ್ರಿಲ್‌ಗೆ. ಐದು ತಿಂಗಳು ಕಿಟಕಿಯ ಹಿಂದೆ ಕೂತು ಕಳೆಯೋಕೆ ಆಗುತ್ತಾ? ಡಿಸೆಂಬರ್‌ನಲ್ಲಿ ಸೂರ್ಯ ಏಳುವುದೇ ಎಂಟೂಕಾಲರ ಮೇಲೆ. ಸಂಜೆ ನಾಲ್ಕೂವರೆಗೆ ಕತ್ತಲು. ಮನಸ್ಸು ಯಾವಾಗ ಕುಗ್ಗಿತು ಅಂತ ನನಗೇ ಗೊತ್ತಾಗಲಿಲ್ಲ. ಕಾರಣವಿಲ್ಲದೆ ಅಳು ಬರುತ್ತಿತ್ತು.

ಒಂದು ದಿನ ಅಮ್ಮನ ಹತ್ತಿರ ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ವೇ, ಆಷಾಢದ ಮಳೇಲಿ ನಾವು ಎಂತ ಮಾಡ್ತಿದ್ವಿ? ಮಳೆ ನಿಲ್ಲಲಿ ಅಂತ ಕಾಯ್ತಿದ್ವಾ? ಕಂಬಳಿಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಗ್ತಿರ್ಲಿಲ್ವಾ?" ಅಂದರು.

ಆ ಮಾತು ತಲೆಯಲ್ಲಿ ಕೂತಿತು. ನಮ್ಮೂರಲ್ಲಿ ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟುತ್ತೇವೆ, ಮಾಡು ಸರಿಮಾಡುತ್ತೇವೆ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮುಗಿಸಿ ಇಡುತ್ತೇವೆ. ಮಳೆ ಶುರುವಾದ ಮೇಲೆ ಮಳೆಯಲ್ಲೇ ಬದುಕು. ಇಲ್ಲಿನ ಹಿಮವನ್ನೂ ಹಾಗೇ ನೋಡಬೇಕು ಅಂತ ಅವತ್ತು ತೀರ್ಮಾನ ಮಾಡಿದೆ. ಆದರೆ ತೀರ್ಮಾನ ಮಾಡಿದಷ್ಟು ಸುಲಭವಾಗಿ ಕಲಿಕೆ ಆಗಲಿಲ್ಲ.

ಅದೇ ಜನವರಿಯ ಕೊನೆಯ ವಾರ. ಬೆಳಗ್ಗೆ ಕಿಟಕಿ ತೆರೆದರೆ ಆಕಾಶ ತಿಳಿ ನೀಲಿ, ಫಳಫಳ ಬಿಸಿಲು. ಇವತ್ತು ಪರವಾಗಿಲ್ಲ ಅಂತ ಲೈಬ್ರರಿಗೆ ಹೊರಟೆ. ಮೈಮೇಲೆ ಬೆಂಗಳೂರಿನಲ್ಲಿ ಕೊಂಡ ದಪ್ಪ ಜಾಕೆಟ್, ಜೀನ್ಸ್, ಒಂದರ ಮೇಲೊಂದು ಮೂರು ಜೊತೆ ಹತ್ತಿ ಸಾಕ್ಸ್, ಅದರ ಮೇಲೆ ಬಿಗಿಯಾದ ಬೂಟು. ವಾಪಸ್ ಬರುವಾಗ ಒಂದೇ ನಿಮಿಷದಲ್ಲಿ ಬಸ್ ತಪ್ಪಿತು. ಮುಂದಿನ ಬಸ್ಸಿಗೆ 20 ನಿಮಿಷ. ಅವತ್ತು ಗಾಳಿಯ ಲೆಕ್ಕವನ್ನೂ ಸೇರಿಸಿದರೆ ಮೈನಸ್ 45 ದಾಟಿತ್ತು. ಅಂಥ ಗಾಳಿಯಲ್ಲಿ ಮುಚ್ಚಿಕೊಳ್ಳದ ಚರ್ಮ ಹೆಪ್ಪುಗಟ್ಟಲು ಐದು, ಹತ್ತು ನಿಮಿಷ ಸಾಕು. ಇದು ನನಗೆ ಗೊತ್ತಿರಲಿಲ್ಲ. ಮೊದಲು ಮೂಗಿನ ಒಳಗಿನ ಕೂದಲು ಗಟ್ಟಿಯಾಯಿತು. ರೆಪ್ಪೆ ಒಂದಕ್ಕೊಂದು ಅಂಟಿತು. ಕಾಲ್ಬೆರಳು ಚುಚ್ಚುತ್ತಿತ್ತು. ಆಮೇಲೆ ಚುಚ್ಚುವುದೂ ನಿಂತಿತು. ನೋವು ನಿಂತಿತಲ್ಲ ಅಂತ ಸಮಾಧಾನಪಟ್ಟೆ. ಹೆದರಬೇಕಾಗಿದ್ದದ್ದೇ ಆಗ.

ಮನೆಗೆ ಬಂದು ಸಾಕ್ಸ್ ತೆಗೆದರೆ ಎರಡು ಬೆರಳು ಮೇಣದ ಹಾಗೆ ಬೆಳ್ಳಗೆ. ನನ್ನ ಗಂಡ ಗಾಬರಿಯಿಂದ ಬಿಸಿನೀರು ಕಾಯಿಸಲು ಹೊರಟರು. ಅಷ್ಟರಲ್ಲಿ ನರ್ಸ್‌ಗಳು ಉತ್ತರಿಸುವ ಸಹಾಯವಾಣಿಗೆ ಫೋನ್ ಮಾಡಿದ್ದೆವು, ಅದೇ ನನ್ನನ್ನು ಉಳಿಸಿತು. ಉಜ್ಜಬೇಡಿ, ಬಿಸಿನೀರು ಬೇಡವೇ ಬೇಡ, ಉಗುರುಬೆಚ್ಚಗಿನ ನೀರಲ್ಲಿ ಇಡಿ ಅಂದರು. ಸ್ಪರ್ಶವೇ ಇಲ್ಲದ ಬೆರಳಿಗೆ ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಬೊಬ್ಬೆ ಬಂದ ಮೇಲೇ ತಿಳಿಯುವುದು. ಅರ್ಧ ಗಂಟೆಯ ಮೇಲೆ ಬೆರಳು ಕೆಂಪಾಗಿ ಉರಿ ಶುರುವಾಯಿತು. ಆ ಉರಿಗೆ ನಾನು ಕೈಮುಗಿದೆ.

ಅವತ್ತು ಕಲಿತ ಮೊದಲ ಪಾಠ: ಬಿಸಿಲು ನೋಡಿ ಹೊರಡಬಾರದು. ಇಲ್ಲಿ ಅತಿ ಚಳಿಯ ದಿನಗಳಲ್ಲೇ ಆಕಾಶ ತಿಳಿಯಾಗಿರುತ್ತದೆ. ಮೋಡ ಭೂಮಿಗೆ ಕಂಬಳಿ ಇದ್ದ ಹಾಗೆ, ಅದು ಸರಿದರೆ ಶಾಖವೆಲ್ಲ ಮೇಲೆ ಹೋಗಿಬಿಡುತ್ತದೆ. ನಮ್ಮೂರಲ್ಲೂ ಮೋಡವಿಲ್ಲದ ರಾತ್ರಿಯೇ ಇಬ್ಬನಿ ಜಾಸ್ತಿ ಅಲ್ವಾ, ಅದೇ ಲೆಕ್ಕ. ಈಗ ಬೆಳಗ್ಗೆ ಎದ್ದು ನಾನು ನೋಡುವುದು ಎರಡು ಅಂಕಿ: ಒಂದು ಉಷ್ಣಾಂಶ, ಇನ್ನೊಂದು ವಿಂಡ್ ಚಿಲ್, ಅಂದರೆ ಗಾಳಿಯೂ ಸೇರಿ ಮೈಗೆ ತಾಗುವ ಚಳಿಯ ಲೆಕ್ಕ. ಎರಡನೆಯದೇ ಮುಖ್ಯ.

ಎರಡನೆಯ ಪಾಠ ಬಟ್ಟೆಯದು. ಹತ್ತಿ ಬಟ್ಟೆ ಇಲ್ಲಿ ಶತ್ರು. ನಡೆಯುವಾಗ ಬೆವರುತ್ತೇವೆ, ಹತ್ತಿ ಆ ಬೆವರನ್ನು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ನಿಂತ ತಕ್ಷಣ ಮೈ ತಣ್ಣಗಾಗುತ್ತದೆ. ಮೈಗೆ ತಾಗುವುದು ಉಣ್ಣೆಯದೋ ಸಿಂಥೆಟಿಕ್ ಥರ್ಮಲ್ಲೋ ಆಗಿರಬೇಕು. ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಬಟ್ಟೆ. ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ, ತೊಡೆ ಮುಚ್ಚುವಷ್ಟು ಉದ್ದದ ಪಾರ್ಕಾ ಕೋಟು. ಬೂಟು ಒಂದು ಸೈಜ್ ದೊಡ್ಡದು, ಒಳಗೆ ಒಂದೇ ಜೊತೆ ದಪ್ಪ ಉಣ್ಣೆ ಸಾಕ್ಸ್. ಮೂರು ಜೊತೆ ಹಾಕಿ ಬೂಟು ಬಿಗಿಮಾಡಿದರೆ ಕಾಲಿಗೆ ರಕ್ತ ಓಡುವುದೂ ಕಷ್ಟ, ಬೆಚ್ಚಗಿನ ಗಾಳಿ ನಿಲ್ಲಲು ಜಾಗವೂ ಇಲ್ಲ. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ಮಿಟನ್ ಮೇಲು, ನಾಲ್ಕು ಬೆರಳು ಒಟ್ಟಿಗೆ ಇದ್ದು ಒಂದನ್ನೊಂದು ಬೆಚ್ಚಗೆ ಇಡುತ್ತವೆ. ಇದಕ್ಕೆಲ್ಲ ಹೊಸ ಅಂಗಡಿಗೇ ಹೋಗಬೇಕಿಲ್ಲ. ಹಳೆ ಬಟ್ಟೆ ಮಾರುವ ಥ್ರಿಫ್ಟ್ ಅಂಗಡಿಗಳಲ್ಲಿ ಒಳ್ಳೊಳ್ಳೆ ಪಾರ್ಕಾ ಸಿಗುತ್ತವೆ. ನನ್ನದೂ ಅಲ್ಲಿನದೇ, ಇವತ್ತಿಗೂ ಅದನ್ನೇ ಹಾಕುತ್ತೇನೆ. ಊರಿಂದ ಬರುವವರಿಗೆ ನಾನು ಹೇಳುವುದು ಒಂದೇ: ದಯವಿಟ್ಟು ಅಲ್ಲಿ ಜಾಕೆಟ್ ಕೊಂಡು ದುಡ್ಡು ಕಳೆಯಬೇಡಿ, ಆ ಸೂಟ್‌ಕೇಸ್ ಜಾಗಕ್ಕೆ ಉಪ್ಪಿನಕಾಯಿ ಹಾಕಿಕೊಂಡು ಬನ್ನಿ.

ಮಗಳನ್ನು ಶಾಲೆಗೆ ಹೊರಡಿಸುವುದು ಬೇರೆಯೇ ವಿದ್ಯೆ. ಮೊದಲು ಕಾಲು ಗಂಟೆ ಹಿಡಿಯುತ್ತಿತ್ತು, ಇಬ್ಬರಿಗೂ ಬೆವರು ಇಳಿಯುತ್ತಿತ್ತು. ಶಾಲೆಯ ಟೀಚರ್ ಕ್ರಮ ಹೇಳಿಕೊಟ್ಟರು. ಮೊದಲು ಬಾತ್‌ರೂಮಿಗೆ ಕಳಿಸಿ. ಆಮೇಲೆ ಸ್ನೋ ಪ್ಯಾಂಟ್. ಅದರ ನಂತರ ಬೂಟು, ಯಾಕೆಂದರೆ ಜಾಕೆಟ್ ಹಾಕಿದ ಮೇಲೆ ಮಗುವಿಗೆ ಬಗ್ಗೋಕೆ ಆಗುವುದಿಲ್ಲ. ಪ್ಯಾಂಟಿನ ಒಳಅಂಚನ್ನು ಬೂಟಿನ ಮೇಲೆ ಎಳೆಯಬೇಕು, ಇಲ್ಲದಿದ್ದರೆ ಹಿಮ ಒಳಗೆ ಇಳಿಯುತ್ತದೆ. ಆಮೇಲೆ ಜಾಕೆಟ್, ಕುತ್ತಿಗೆಗೆ ನೆಕ್ ವಾರ್ಮರ್, ತಲೆಗೆ ಟೂಕ್ ಅನ್ನುವ ಬೆಚ್ಚನೆ ಟೋಪಿ. ಉದ್ದದ ಮಫ್ಲರ್ ಬೇಡ, ಜಾರುಬಂಡೆಯಲ್ಲಿ ಸಿಕ್ಕಿಕೊಂಡರೆ ಅಪಾಯ. ಮಿಟನ್ ಕಡೆಗೆ. ಮಿಟನ್ ಹಾಕಿದ ಕೈಗೆ ಜಿಪ್ ಹಿಡಿಯೋಕೆ ಬರುವುದಿಲ್ಲ. ಈ ಕ್ರಮ ಕೂತ ಮೇಲೆ ನಾಲ್ಕೇ ನಿಮಿಷ. ಒಂದು ತಿಂಗಳಲ್ಲಿ ಅವಳೇ ಹಾಕಿಕೊಳ್ಳಲು ಕಲಿತಳು.

ಇಷ್ಟು ಚಳಿಯಲ್ಲಿ ಮಕ್ಕಳನ್ನು ಆಟಕ್ಕೆ ಹೊರಗೆ ಬಿಡುತ್ತಾರಾ ಅಂತ ನಾನು ಬೆಚ್ಚಿದ್ದೆ. ಬಿಡುತ್ತಾರೆ. ಅವಳ ಶಾಲೆಯಲ್ಲಿ ವಿಂಡ್ ಚಿಲ್ ಮೈನಸ್ 28ರ ಹತ್ತಿರ ಹೋದರೆ ಮಾತ್ರ ಒಳಗೆ ಕೂರಿಸುತ್ತಾರೆ. ಅವಳು ಸಂಜೆ ಕೆಂಪು ಕೆನ್ನೆ ಮಾಡಿಕೊಂಡು ನಗುತ್ತಾ ಬರುವಾಗ ನಾನು ಮನೆಯೊಳಗೆ ಬಾಡಿ ಕೂತಿರುತ್ತಿದ್ದೆ. ಅದನ್ನು ನೋಡಿಯೇ ಮಧ್ಯಾಹ್ನ ಊಟವಾದ ಮೇಲೆ ದಿನಾ ನಡೆಯಲು ಶುರುಮಾಡಿದೆ. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಜೊತೆಗೆ ಡಾಕ್ಟರ್ ಹೇಳಿದ ವಿಟಮಿನ್ ಡಿ. ಮೂರು ವಾರದಲ್ಲಿ ನಿದ್ದೆ ಸರಿಹೋಯಿತು. ಮೈನಸ್ 20ರಲ್ಲಿ ಹೆಜ್ಜೆಯ ಕೆಳಗೆ ಹಿಮ ಕರ್ ಕರ್ ಅನ್ನುತ್ತದೆ, ಒಣಗಿದ ತರಗೆಲೆ ತುಳಿದ ಹಾಗೆ. ಕೆಲವು ದಿನ ಸೂರ್ಯನ ಎರಡೂ ಪಕ್ಕದಲ್ಲಿ ಇನ್ನೊಂದೊಂದು ಸೂರ್ಯ ಇದ್ದ ಹಾಗೆ ಬೆಳಕಿನ ಚುಕ್ಕೆ ಕಾಣುತ್ತದೆ. ಗಾಳಿಯಲ್ಲಿ ತೇಲುವ ಮಂಜಿನ ಹರಳುಗಳು ಬೆಳಕನ್ನು ಬಗ್ಗಿಸಿ ಹಾಗೆ ತೋರಿಸುತ್ತವೆ. ಮನೆಯೊಳಗೆ ಕೂತಿದ್ದರೆ ನನಗಿದು ಕಾಣುತ್ತಲೇ ಇರಲಿಲ್ಲ.

ಮನೆಯೊಳಗಿನ ಕಷ್ಟ ಬೇರೆ. ಹೀಟರ್ ಗಾಳಿ ಮೈಯನ್ನು ಒಣಗಿಸಿಬಿಡುತ್ತದೆ. ಮಗಳಿಗೆ ಮೂಗಿನಿಂದ ರಕ್ತ, ನನಗೆ ಹಿಮ್ಮಡಿ ಬಿರುಕು, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಕರೆಂಟ್ ಹೊಡೆದ ಹಾಗೆ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಇಟ್ಟ ಮೇಲೆ ಸರಿಯಾಯಿತು. ಅದನ್ನೂ ಜಾಸ್ತಿ ಓಡಿಸಬಾರದು, ಕಿಟಕಿಯ ಗಾಜಿನ ಮೇಲೆ ನೀರು ಕೂತು ಮಂಜುಗಡ್ಡೆಯಾಗುತ್ತದೆ. ಸ್ನಾನವಾದ ತಕ್ಷಣ, ಮೈ ಇನ್ನೂ ಪಸೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುತ್ತೇವೆ. ಬಾಟಲಿಯಲ್ಲಿ ಅದು ವರ್ಷದ ಬಹುಪಾಲು ಕಲ್ಲಾಗೇ ಇರುತ್ತದೆ, ಅಗಲ ಬಾಯಿಯ ಡಬ್ಬಿಗೆ ಹಾಕಿಟ್ಟುಕೊಳ್ಳಿ.

ಇನ್ನು ದೋಸೆ ಹಿಟ್ಟು! ಎರಡು ದಿನ ಇಟ್ಟರೂ ಹುಳಿ ಬರುತ್ತಿರಲಿಲ್ಲ. ಊರಲ್ಲಿ ಮಳೆಗಾಲದಲ್ಲಿ ಅಜ್ಜಿ ಹಿಟ್ಟಿನ ಪಾತ್ರೆಯನ್ನು ಒಲೆದಂಡೆಯ ಮೇಲೆ ಇಡುತ್ತಿದ್ದುದು ನೆನಪಾಯಿತು. ನನ್ನ ಒಲೆದಂಡೆ ಈಗ ಓವನ್. ಓವನ್ ಹಚ್ಚುವುದಿಲ್ಲ, ಒಳಗಿನ ದೀಪ ಮಾತ್ರ ಹಾಕಿ ಪಾತ್ರೆ ಇಟ್ಟು ಬಾಗಿಲು ಮುಚ್ಚುತ್ತೇನೆ. ಆ ಬಲ್ಬಿನ ಶಾಖ ಸಾಕು, ರಾತ್ರಿ ಇಟ್ಟರೆ ಬೆಳಗ್ಗೆ ಹಿಟ್ಟು ಅಂಚಿನವರೆಗೆ ಏರಿರುತ್ತದೆ. ಮೊಸರಿಗೂ ಅದೇ ಜಾಗ. ಹಿಟ್ಟು ಒಳಗಿದೆ ಅಂತ ಓವನ್ ಬಾಗಿಲಿಗೆ ಚೀಟಿ ಅಂಟಿಸುವುದನ್ನು ಮಾತ್ರ ಮರೆಯಬೇಡಿ.

ಎರಡನೆಯ ವರ್ಷ ಹಳೆ ಕಾರು ಕೊಂಡೆವು. ಇಲ್ಲಿನ ಕಾರುಗಳ ಮೂತಿಯಿಂದ ಒಂದು ಪ್ಲಗ್ ವೈರ್ ಹೊರಗೆ ನೇತಾಡುತ್ತಿರುತ್ತದೆ. ಅದು ಬ್ಲಾಕ್ ಹೀಟರ್‌ದು. ಮೈನಸ್ 20ರ ಕೆಳಗೆ ಎಂಜಿನ್ ಆಯಿಲ್ ಮಂದವಾಗಿ ಗಾಡಿ ಸ್ಟಾರ್ಟ್ ಆಗುವುದೇ ಕಷ್ಟ. ಪಾರ್ಕಿಂಗ್ ಜಾಗದ ಪ್ಲಗ್ಗಿಗೆ ಹಾಕಿಟ್ಟರೆ ಎಂಜಿನ್ ಬೆಚ್ಚಗಿರುತ್ತದೆ. ಇಡೀ ರಾತ್ರಿ ಬೇಡ, ಟೈಮರ್ ಇಟ್ಟು ಬೆಳಗಿನ ಜಾವ ಮೂರ್ನಾಲ್ಕು ಗಂಟೆ ಹೊತ್ತು ಓಡಿದರೆ ಸಾಕು. ಚಳಿಗೆ ನಿಂತ ಟೈರಿನ ತಳ ಚಪ್ಪಟೆಯಾಗಿ ಮೊದಲ ಐದು ನಿಮಿಷ ಗಾಡಿ ದಡದಡ ಅನ್ನುತ್ತದೆ, ಹೆದರಬೇಡಿ. ವಿಂಟರ್ ಟೈರ್ ಮಾತ್ರ ಖಂಡಿತ ಹಾಕಿಸಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಒಂದು ಚೀಲ ಮರಳು ಇರಲಿ.

ಹಿಮ ತೆಗೆಯುವುದನ್ನು ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಉಕ್ರೇನ್ ಮೂಲದವರು, ಎಪ್ಪತ್ತು ದಾಟಿದವರು. ನಾನು ಸಲಿಕೆಯಲ್ಲಿ ಹಿಮ ಎತ್ತಿ ಎತ್ತಿ ಎಸೆಯುವುದನ್ನು ನೋಡಿ ಓಡಿ ಬಂದರು. ಎತ್ತಬಾರದಂತೆ, ತಳ್ಳಬೇಕಂತೆ. ಹಿಮ ಬಿದ್ದು ನಿಲ್ಲುವ ತನಕ ಕಾಯದೆ ನಡುನಡುವೆ ಬಂದು ತಳ್ಳಿದರೆ ಸೊಂಟ ಉಳಿಯುತ್ತದೆ. ಅವರ ಮನೆಯಲ್ಲಿ ಕ್ರಿಸ್‌ಮಸ್ ಹಳೆಯ ಕ್ಯಾಲೆಂಡರ್ ಪ್ರಕಾರ ಜನವರಿ 7ಕ್ಕೆ. ಅದರ ಹಿಂದಿನ ಸಂಜೆಗೆ ಬೇಯಿಸಿದ ಗೋಧಿ, ಗಸಗಸೆ, ಜೇನುತುಪ್ಪ ಸೇರಿಸಿ ಕುತ್ಯಾ ಅಂತ ಮಾಡುತ್ತಾರೆ. ಒಂದು ಬಟ್ಟಲು ನಮಗೂ ತಂದುಕೊಟ್ಟರು. ಬಾಯಿಗೆ ಇಟ್ಟರೆ ನಮ್ಮ ಗೋಧಿ ಪಾಯಸ, ಗಸಗಸೆ ಪಾಯಸ ಎರಡೂ ಒಟ್ಟಿಗೆ ನೆನಪಾದವು. ಒಂದು ವಾರ ಕಳೆದು ಸಂಕ್ರಾಂತಿ. ಅದೇ ಬಟ್ಟಲಲ್ಲಿ ಎಳ್ಳುಬೆಲ್ಲ ತುಂಬಿ ಕೊಟ್ಟೆ. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುವುದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಈಗ ಪ್ರತಿ ಜನವರಿಯೂ ಆ ಬಟ್ಟಲು ಬೇಲಿ ದಾಟಿ ಹೋಗಿ ಬರುತ್ತದೆ.

ಫೋರ್ಕ್ಸ್ ಅಂತ ಒಂದು ಜಾಗವಿದೆ, ರೆಡ್ ಮತ್ತು ಅಸಿನಿಬೋಯಿನ್ ನದಿಗಳು ಕೂಡುವ ಸಂಗಮ. ಚಳಿಗಾಲದಲ್ಲಿ ಆ ಹೆಪ್ಪುಗಟ್ಟಿದ ನದಿಯ ಮೇಲೇ ಸ್ಕೇಟಿಂಗ್ ದಾರಿ ಮಾಡುತ್ತಾರೆ. ಐಸ್ ಸಾಕಷ್ಟು ದಪ್ಪವಾಗಿದೆ ಅಂತ ಅಳೆದ ಮೇಲೆಯೇ ಬಿಡುವುದು. ದಾರಿಯ ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳಲು ಚಿತ್ರವಿಚಿತ್ರ ಗುಡಿಸಲುಗಳು. ಸ್ಕೇಟ್ ಬಾಡಿಗೆಗೆ ಸಿಗುತ್ತದೆ. ಮೂವತ್ನಾಲ್ಕನೆಯ ವಯಸ್ಸಿನಲ್ಲಿ, ಮಗಳ ಕೈ ಹಿಡಿದು, ನದಿಯ ಮೇಲೆ ನಿಂತೆ. ತುಂಗಾ ನದಿಯ ದಡದಲ್ಲಿ ಬೆಳೆದವಳಿಗೆ ನೀರಿನ ಮೇಲೆ ನಡೆಯುವುದು ಅಂದರೆ ಏನು ಅಂತ ಹೇಗೆ ಹೇಳಲಿ? ಅವತ್ತು ವಿಡಿಯೋದಲ್ಲಿ ಅಮ್ಮನಿಗೆ ತೋರಿಸಿದೆ. "ಒಡೆಯಲ್ಲ ಅಲ್ವಾ ಮಗಾ?" ಅಂತ ಮೂರು ಸಲ ಕೇಳಿದರು.

ಈ ಶನಿವಾರ ದಾವಣಗೆರೆ ಕಡೆಯ ಒಂದು ಕುಟುಂಬ ಬರುತ್ತಿದೆ, ನಾಲ್ಕು ವರ್ಷದ ಹುಡುಗ ಇದ್ದಾನೆ. ಅವರನ್ನು ನೇರ ಥ್ರಿಫ್ಟ್ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ಸ್ನೋ ಪ್ಯಾಂಟ್ ಕೊಳ್ಳುವುದು ಬೇಡ ಅಂದಿದ್ದೇನೆ. ಮಗಳ ಮೊದಲ ವರ್ಷದ್ದು ಇದೆ. ನಮಗೂ ಅದು ಇನ್ನೊಂದು ಕನ್ನಡದ ಮನೆಯಿಂದಲೇ ಬಂದದ್ದು. ಮಂಡಿಯ ಹತ್ತಿರ ಸವೆದಿತ್ತು, ನಿನ್ನೆ ರಾತ್ರಿ ಕೂತು ತೇಪೆ ಹಾಕಿದೆ.